ಬೆನ್ನ ಹಿಂದೆ ಚಾಚಿದ ಕೈ

ಆ ಸಂಜೆ ನಟ ನಿಕಾಂದ್ರ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನ ರಹದಾರಿ ಪತ್ರ ಪೊಲೀಸ್ ಮುಖ್ಯಸ್ಥ ಕುರ್ದ್ಯುಮೊವ್‌ನ ಕೈ ಸೇರಿ ಮೂರು ವಾರವಾಗಿತ್ತು. ಬೆಳಗಾದರೆ ನಾಟಕ ಮಂಡಳಿ ಹಡಗು ಹತ್ತಿ ವೋಲ್ಗಾ ನದಿಗುಂಟ ಮುಂದಿನ ಊರಿಗೆ ಹೊರಡುತ್ತದೆ. ಅಷ್ಟರಲ್ಲಿ ಸಹಿ ಬೀಳದಿದ್ದರೆ ಜೀತದಾಳಾದ ಇವನನ್ನು ಮತ್ತೆ ಧಣಿಯ ಕುದುರೆ ಲಾಯಕ್ಕೆ ಅಟ್ಟುತ್ತಾರೆ. ಅಂಥವನ ಪಾಲಿಗೆ ಬಂದ ಪಾತ್ರವಾದರೂ ಯಾವುದು? ಲಂಚಕೋರ ಪೊಲೀಸ್ ಮುಖ್ಯಸ್ಥನದು. ಹಣೆಬರಹ ಅಂದರೆ ಇದೇ.

ಯಾರ ಹೋಲಿಕೆಯೂ ಬರದಿರಲೆಂದು ಕೆಂಪು ಮೀಸೆ ಅಂಟಿಸಿಕೊಂಡ, ಕುಂಟಿಯೂ ನಡೆದ. ಏನೂ ಪ್ರಯೋಜನವಾಗಲಿಲ್ಲ. ಎರಡನೇ ಅಂಕದ ಕೊನೆಗೆ ವ್ಯಾಪಾರಿ ಕೊಟ್ಟ ಲಕೋಟೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡಾಗ ಇಡೀ ಸಭೆ ಕುರ್ದ್ಯುಮೊವ್ ಕೂತಿದ್ದ ಬಾಲ್ಕನಿಯತ್ತ ತಿರುಗಿ ನಕ್ಕಿತು.

ಪರದೆ ಬಿದ್ದದ್ದೇ ತಡ, ಕುರ್ದ್ಯುಮೊವ್ ತನ್ನ ಗುಮಾಸ್ತನನ್ನು ಕರೆದುಕೊಂಡು ರಂಗದ ಮೇಲೇ ಬಂದ. ಮಂಡಳಿಯ ಯಜಮಾನ ಎದೆ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮೆಲ್ಲಗೆ ಜಾರಿಕೊಂಡ.

"ಎರಡು ಕೈಯಲ್ಲಿ ಯಾರಾದ್ರೂ ಇಸ್ಕೋತಾರೇನಯ್ಯಾ, ತಿರುಪೆಯವನ ಥರ? ನಮ್ಮ ದರ್ಜೆಯ ಮಾನ ಕಳೆದುಬಿಟ್ಟೆ. ಇಲ್ನೋಡು."

ಕುರ್ದ್ಯುಮೊವ್ ಹಿಂಪರದೆಗೆ ಬರೆದಿದ್ದ ಕಿಟಕಿಯ ಮುಂದೆ ಗಂಭೀರವಾಗಿ ನಿಂತು, ಒಂದು ಕೈಯನ್ನು ಬೆನ್ನ ಹಿಂದೆ ಚಾಚಿದ.

"ಇಸ್ಕೋಬೇಕು, ನೋಡಬಾರ್ದು. ಹ್ಞೂಂ, ಇಡು."

ನಿಕಾಂದ್ರ್‌ನ ಕೈಯಲ್ಲಿ ನಾಟಕದ ಲಕೋಟೆ ಇನ್ನೂ ಇತ್ತು, ಒಳಗಿದ್ದದ್ದು ಬರೀ ಖಾಲಿ ಹಾಳೆ. ಅದನ್ನೇ ಇಟ್ಟ. ಕುರ್ದ್ಯುಮೊವ್‌ನ ಬೆರಳು ಮಡಚಿಕೊಂಡವು, ಲಕೋಟೆ ಜೇಬು ಸೇರಿತು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಹಿಂದೆಯೇ ಬಾಯಿಯೂ ತಾನಾಗಿ ತೆರೆಯಿತು.

"ಏನು ನಿನ್ನ ಕೆಲಸ?"

ನಿಕಾಂದ್ರ್ ಸೊಂಟ ಬಗ್ಗಿಸಿದ. "ರಹದಾರಿ, ಬುದ್ಧಿ. ಮೂರು ವಾರ ಆಯ್ತು."

"ಅಷ್ಟೇನಾ? ಮೊದ್ಲೇ ಬರಬಾರ್ದಾ."

ಗುಮಾಸ್ತ ಚೀಲದಿಂದ ಪತ್ರ ತೆಗೆದ. ಸಹಿ ಬಿತ್ತು, ಮೊಹರೂ ಬಿತ್ತು.

ಮೂರನೇ ಅಂಕಕ್ಕೆ ನಿಕಾಂದ್ರ್ ಪತ್ರವನ್ನು ಬೂಟಿನೊಳಗೆ ತುರುಕಿಕೊಂಡು ಬಂದ. ಹೇಳಿಕೊಟ್ಟಂತೆಯೇ ಕಿಟಕಿಯ ಮುಂದೆ ನಿಂತು ಕೈ ಹಿಂದೆ ಚಾಚಿದ. ಸಭೆ ಬಿದ್ದು ಬಿದ್ದು ನಕ್ಕಿತು. ಓರೆಗಣ್ಣಿನಲ್ಲಿ ನೋಡಿದರೆ, ಬಾಲ್ಕನಿಯಲ್ಲಿ ಕುರ್ದ್ಯುಮೊವ್ ಲಕೋಟೆ ಬಿಚ್ಚುತ್ತಿದ್ದ. ಹಾಳೆಯನ್ನು ತಿರುವಿ ನೋಡಿದ, ಮತ್ತೊಮ್ಮೆ ತಿರುವಿದ. ಆಮೇಲೆ ತಲೆ ಎತ್ತಿದ.

ನಿಕಾಂದ್ರ್‌ಗೆ ಮಾತು ಮರೆತೇಹೋಯಿತು. ಈಗ ಎದ್ದ, ಈಗ ಕೂಗಿದ ಎಂದು ಕಾದ. ಆದರೆ ಕೂಗುವುದಾದರೂ ಏನೆಂದು? ಪಕ್ಕದಲ್ಲಿ ಹೆಂಡತಿ, ಕೆಳಗೆ ಇಡೀ ಊರು. ನನಗೆ ಕೊಟ್ಟ ಲಂಚ ಖೋಟಾ ಎಂದೇ?

ಕುರ್ದ್ಯುಮೊವ್ ಹಾಳೆಯನ್ನು ನಿಧಾನಕ್ಕೆ ಮಡಚಿಟ್ಟು ಚಪ್ಪಾಳೆ ತಟ್ಟತೊಡಗಿದ. ಜೀತದಾಳೊಬ್ಬನಿಗೆ ಹೆದರಿ ತಟ್ಟುತ್ತಿದ್ದಾನೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.