ಒಂದೇ ಪರದೆ

ನಮ್ಮ ಮನೆಯ ಮೇಜನ್ನು ಸರಳ ಮಾಡಿದವನು ನನ್ನ ಗಂಡ ಲ್ಯಾಕ್ಸನ್. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ.

ಲುಸಾಕಾದ ಚಿಲೆಂಜೆಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮೇಜಿನ ಮೇಲೆ ಅವನ ದೊಡ್ಡ ಕಂಪ್ಯೂಟರ್. ಅದರಲ್ಲಿ ಮದುವೆ ವಿಡಿಯೊ ಕತ್ತರಿಸಿ ಜೋಡಿಸುತ್ತಾನೆ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್. ಬಾಣಂತಿಯರಿಗಾಗಿ ಬರೆದ ಇಂಗ್ಲಿಷ್ ಪಾಠಗಳನ್ನು ನಾನು ಬೆಂಬಾ ಭಾಷೆಗೆ ತರುವುದು ಅದರಲ್ಲೇ. ಮಗಳು ಥಾಂಡಿ ಅದರ ಮೇಲೆ ಕುಳಿತ ದಿನದಿಂದ ಲ್ಯಾಪ್‌ಟಾಪಿನ ಪರದೆ ಸತ್ತಿದೆ. ಹಾಗಾಗಿ ಹಳೆಯದೊಂದು ಮಾನಿಟರ್ ಸಿಕ್ಕಿಸಿಕೊಂಡಿದ್ದೆ. ಹೀಗೆ ಮೇಜಿನ ಮೇಲೆ ಎಲ್ಲವೂ ಎರಡೆರಡು, ಜೊತೆಗೆ ವೈರುಗಳ ಗೋಜಲು. ಚಹಾ ಲೋಟ ಇಡಲೂ ಜಾಗವಿರಲಿಲ್ಲ, ಒಪ್ಪುತ್ತೇನೆ.

ಒಂದು ದಿನ ಅವನು ಗುಂಡಿಯಿರುವ ಸಣ್ಣ ಪೆಟ್ಟಿಗೆಯೊಂದನ್ನು ತಂದ. ಇನ್ನು ಮೇಲೆ ಎರಡೂ ಯಂತ್ರಕ್ಕೆ ಒಂದೇ ಪರದೆ, ಒಂದೇ ಕೀಬೋರ್ಡ್. ಗುಂಡಿ ಒತ್ತಿದರೆ ಅವನದು, ಇನ್ನೊಮ್ಮೆ ಒತ್ತಿದರೆ ನನ್ನದು. ಹೆಚ್ಚಾದ ಮಾನಿಟರ್ ಚಿಪಾಟಾದಲ್ಲಿರುವ ಅವನ ಅಕ್ಕನ ಮನೆ ಸೇರಿತು. ಹೆಚ್ಚಾದದ್ದು ನನ್ನದು ಎಂದು ಬೇರೆ ಹೇಳಬೇಕಾಗಿಲ್ಲ. ಲ್ಯಾಪ್‌ಟಾಪನ್ನು ಮುಚ್ಚಿ ಮೇಜಿನ ಕೆಳಗಿನ ಹಲಗೆಗೆ ತಳ್ಳಿದ.

"ಹೆಂಗಿದೆ? ನೇತಾಡೋಕೆ ಬಳ್ಳಿ ಇಲ್ಲ ಅಂತ ಕೋತಿ ತಿನ್ನೋರಿಗೆ ಬೇಜಾರಾಗ್ಬೋದು," ಎಂದ.

"ಕಡಿಯೋಕೆ ವೈರಿಲ್ಲ ಅಂತ ಇಲಿ ತಿನ್ನೋರಿಗೂ ಬೇಜಾರೇ," ಎಂದೆ.

ಅವನು ಅಂಗೋನಿ, ನಾನು ಬೆಂಬಾ; ಅವರು ಇಲಿ ತಿನ್ನುವವರು, ನಾವು ಕೋತಿ ತಿನ್ನುವವರು ಎಂಬುದು ಹಳೆಯ ಗೇಲಿ. ಹಿಂದೆ ಕಾದಾಡಿದ ಈ ಎರಡು ಬುಡಕಟ್ಟುಗಳು ಈಗ ತಮಾಷೆಯ ನೆಂಟರು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಹೆಣದ ಮುಂದೆಯೂ ಅನ್ನಬಹುದು. ಕೋಪ ಮಾಡಿಕೊಳ್ಳುವಂತಿಲ್ಲ. ಈ ಪದ್ಧತಿ ಮಾಡಿದ ಹಿರಿಯರು, ಅದೇ ನೆಂಟನನ್ನು ಕಟ್ಟಿಕೊಂಡು ಸಂಸಾರ ಮಾಡುವವಳ ಗತಿಯೇನು ಎಂದು ಯೋಚಿಸಿದ ಹಾಗೆ ಕಾಣೆ. ನಾನು ವಾಕ್ಯದ ನಡುವೆ ಇರುವಾಗಲೇ ಲ್ಯಾಕ್ಸನ್ ಗುಂಡಿ ಒತ್ತುತ್ತಿದ್ದ. ನನ್ನ ವಾಕ್ಯ ಮಾಯವಾಗಿ ಯಾರದೋ ಮದುಮಗಳು ಕುಣಿಯತೊಡಗುತ್ತಿದ್ದಳು. ಮುಖ ಗಂಟಿಕ್ಕಿದರೆ, "ನೆಂಟರಿಗೆ ಕೋಪ ಬರಬಾರ್ದು ಕಣೇ," ಎನ್ನುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ.

ಆಮೇಲೆ ನನಗೊಂದು ಕಾಯಂ ಕೆಲಸದ ಕರೆ ಬಂತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತು, ಕೆಲಸ ಕೊಡುವವರು ನೋಡುತ್ತಿರುವಂತೆಯೇ ಅನುವಾದ ಮಾಡಿ ತೋರಿಸಬೇಕು, ಫೋನಿನಲ್ಲಿ ನಡೆಯದು. ಸಿಕ್ಕಿದರೆ ಬಿಡಿ ಕೆಲಸಕ್ಕೆ ಕೈಯೊಡ್ಡುವುದು ತಪ್ಪುತ್ತಿತ್ತು. ವಾರವಿಡೀ ಲ್ಯಾಕ್ಸನ್‌ಗೆ ಅದನ್ನೇ ಹೇಳಿದೆ.

ಶನಿವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಥಾಂಡಿಗೆ ಸ್ನಾನ ಮಾಡಿಸುತ್ತಿದ್ದೆ. ಕಫುವೆ ಊರಿನ ಮದುವೆಗೆ ಹೊರಟಿದ್ದ ಅವನು ಒಳಗಿನಿಂದ ಕೂಗಿದ. "ಲೇ ಕೋತಿ, ನಿನ್ನ ಪರದೆ ಹೊತ್ಕೊಂಡು ಹೋಗ್ತಿದೀನಿ."

"ಹೋಗಿ ಹೋಗಿ, ಬಿಲದಲ್ಲಿಟ್ಕೊಂಡು ಕಡೀರಿ," ಎಂದು ನಾನೂ ಕೂಗಿದೆ. ಥಾಂಡಿ ಕಿಲಕಿಲ ನಕ್ಕಳು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಒಳ್ಳೆಯ ಉಡುಪು ತೊಟ್ಟು ಬಂದು ನೋಡಿದರೆ ಮೇಜು ಬೋಳಾಗಿತ್ತು. ಮಾನಿಟರ್ ನಿಂತಿದ್ದ ಕಡೆ ಧೂಳಿನ ಗುರುತು ಮಾತ್ರ. ಅವನಿಗೆ ಫೋನ್ ಮಾಡಿದೆ.

"ಹುಡುಗಿ ಮನೆಯೋರು ಊಟದ ಹೊತ್ತಿಗೆ ವಿಡಿಯೊ ತೋರ್ಸಿ ಅಂದ್ರು," ಎಂದ. "ಇರೋದೇ ಒಂದು. ಕೇಳ್ದೆ, ನೀನೇ ಹೋಗಿ ಅಂದೆ."

"ಇವತ್ತು ನನ್ನ ಪರೀಕ್ಷೆ ಅಂತ ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು. ಹೂಂ ಅಂದ್ಯಲ್ಲ, ಏನೋ ದಾರಿ ಮಾಡ್ಕೊಂಡಿದೀಯ ಅಂದ್ಕೊಂಡೆ." ನಂತರ ಪಕ್ಕದವರಿಗೆ ಕೇಳುವಂತೆ, "ನಮ್ಮನೆ ಬೆಂಬಾದೋಳಿಗೆ ಕೋಪ ಬಂದಿದೆ," ಎಂದ. ಗಂಡಸರ ನಗು ಕೇಳಿಸಿತು.

ನೆರೆಯ ಮನೆಗಳಿಗೆ ಓಡಿದೆ. ಒಬ್ಬರು ಬಾಗಿಲು ತೆಗೆಯಲಿಲ್ಲ, ಇನ್ನೊಬ್ಬರ ಟಿವಿಗೆ ನನ್ನ ವೈರು ಕೂರಲಿಲ್ಲ. ಹತ್ತು ಗಂಟೆಗೆ ಸಂದೇಶ ಬಂತು: ನೀವು ಹಾಜರಾಗದ ಕಾರಣ ಮುಂದಿನವರನ್ನು ಕರೆದಿದ್ದೇವೆ. ನಾನು ಮೇಜಿನ ಕೆಳಗೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಅಷ್ಟು ಅಳು ಅಪ್ಪ ಸತ್ತಾಗಲೂ ಬಂದಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಅವನು ಬಂದ. ಮಾನಿಟರನ್ನು ಮೊದಲಿನ ಜಾಗದಲ್ಲಿಟ್ಟು ಅಂಗಿಯ ತೋಳಿನಿಂದ ಒರೆಸಿದ. ನಾನು ಬಟ್ಟೆ ಚೀಲಕ್ಕೆ ತುಂಬುತ್ತಿದ್ದೆ.

"ಈ ಇಲಿಬಿಲದಲ್ಲಿ ನಾನಿನ್ನಿರಲ್ಲ. ಸಂಜೆ ಬಸ್ಸಿಗೆ ಮಗೂನ ಕರ್ಕೊಂಡು ಕಸಾಮಾಗೆ, ಅಮ್ಮನ ಮನೆಗೆ ಹೋಗ್ತೀನಿ," ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗು ಹೋಗು, ಕೋತಿಗಳು ಕೊಬ್ಬಿರ್ತವೆ ಈಗ." ಕುರ್ಚಿ ಎಳೆದುಕೊಂಡು, ಗುಂಡಿ ಒತ್ತಿ, ತನ್ನ ಮದುಮಗಳನ್ನು ಕುಣಿಸತೊಡಗಿದ. ನಾವು ಬಾಗಿಲು ದಾಟುವಾಗ ಹೆಡ್‌ಫೋನ್ ಹಾಕಿಕೊಂಡಿದ್ದ ಅವನ ಕಿವಿಯಲ್ಲಿ ಹಾಡಿತ್ತು.

ಬಸ್ಸು ಊರು ಬಿಟ್ಟ ಮೇಲೆ ಫೋನ್ ಬಂತು. "ಎಲ್ಲಿದೀರ? ಇನ್ನೂ ನ್ಶಿಮಾ ಮುದ್ದೆ ಮಾಡಿಲ್ಲ?"

"ಬಸ್ಸಲ್ಲಿ. ಹೇಳಿದ್ನಲ್ಲ, ಥಾಂಡಿ ಅಪ್ಪ. ನೀವೇ ಹೋಗು ಅಂದ್ರಿ."

ಅವನು ನಕ್ಕ. ನಾನು ನಗುತ್ತೇನೆಂದು ಕಾದ. ಬಸ್ಸಿನ ಹಾರನ್ ಅವನಿಗೂ ಕೇಳಿಸಿರಬೇಕು. ಆಮೇಲೆ ಅವನು ನಗಲಿಲ್ಲ.