ಮಾವನ ಎದೆಯ ಮೇಲಿನ ಇಟಾಲಿಯನ್ ಚೀಟಿಗಳು

ಇಟಾಲಿಯನ್ ಕಲಿಸುವ ಟೀಚರಮ್ಮನದು ಒಂದೇ ಹಟ. ಹೊಸ ಪದ ಕಲಿತರೆ ಚೀಟಿಯಲ್ಲಿ ಬರೆದು ಆಯಾ ವಸ್ತುವಿಗೇ ಅಂಟಿಸಬೇಕು. ಹಾಗಾಗಿ ಪುಟ್ಟಿಯ ಮನೆಯಲ್ಲಿ ಕಿಟಕಿ, ಕುರ್ಚಿ, ಸಕ್ಕರೆ ಡಬ್ಬಿ ಎಲ್ಲವೂ ಇಟಾಲಿಯನ್ ಆಗಿ ಕೂತಿದ್ದವು.

ಈ ವಾರದ ಪಾಠ, ಮನೆ ಬಿಟ್ಟು ಕದಲದವರು ಮತ್ತು ಸೋಮಾರಿಗಳು. ಪುಟ್ಟಿ ಹೆಚ್ಚು ಹುಡುಕಬೇಕಾಗಲಿಲ್ಲ. ಅಮ್ಮನ ತಮ್ಮ, ಅವಳ ಸೋದರಮಾವ, ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ಅಂಗಿಗೆ ಮೂರು ಚೀಟಿ ಅಂಟಿಸಿದಳು.

ಎಚ್ಚರವಾದ ಮಾವ ಒಂದೊಂದನ್ನೇ ಚಪ್ಪರಿಸಿ ಓದಿದ. "ಪಾಂತೊಫೊಲಾಯೊ! ದೊರ್ಮಿಲ್ಯೋನೆ! ಸ್ಕಾನ್ಸಾಫಾತೀಕೆ! ಏನು ಗತ್ತು ಕಣೇ! ಅರ್ಥ ಏನು?"

"ಅದೂ... ದೊಡ್ಡ ಮನುಷ್ಯರಿಗೆ ಹೇಳೋದು ಮಾವ."

ಅಂದಿನಿಂದ ಮಾವ ಚೀಟಿ ಕೀಳಲು ಬಿಡಲಿಲ್ಲ. ಅಂಗಿ ಬದಲಿಸುವ ಅಭ್ಯಾಸ ಮೊದಲೇ ಕಡಿಮೆ, ಈಗ ಅದಕ್ಕೊಂದು ಕಾರಣವೂ ಸಿಕ್ಕಿತು.

ಪುಟ್ಟಿಗೆ ಮಾತ್ರ ಊಟ ಸೇರಲಿಲ್ಲ. ದಿನಾ ಬೆಳಿಗ್ಗೆ ಅವಳು ಸೋಫಾದ ಬುಡದಲ್ಲಿ ಕೂತರೆ, ಮಲಗಿದಲ್ಲಿಂದಲೇ ಜಡೆ ಹಾಕುವವನು ಈ ಮಾವ. ಅಷ್ಟು ಮೆತ್ತಗೆ ಸಿಕ್ಕು ಬಿಡಿಸಲು ಅಮ್ಮನಿಗೂ ಬಾರದು. ಅರ್ಥ ತಿಳಿದ ಮೇಲೆ ಆ ಕೈ ತನ್ನ ತಲೆ ಮುಟ್ಟೀತೇ?

ಶನಿವಾರ ಟೀಚರಮ್ಮ ಚೀಟಿ ನೋಡಲು ಮನೆಗೇ ಬಂದುಬಿಟ್ಟರು. ಮಾವ ಮಲಗಿದ್ದಲ್ಲೇ ಎದೆಯುಬ್ಬಿಸಿದ.

"ಜೋರಾಗಿ ಓದಿ ಮೇಡಂ, ಅಡುಗೆಮನೇಲಿರೋ ಅಕ್ಕಂಗೂ ಕೇಳಿಸ್ಲಿ. ಅರ್ಥಾನೂ ಹೇಳಿ."

ಟೀಚರಮ್ಮ ಓದಿ, ನಗು ತಡೆಯಲು ತುಟಿ ಕಚ್ಚಿಕೊಂಡರು. "ಅಂಟಿಸಿದವಳೇ ಹೇಳ್ಲಿ."

ಪುಟ್ಟಿಯ ಕಣ್ಣು ತುಂಬಿ ಬಂತು. "ಇದು ಮನೇಲಿ ಹಾಕ್ಕೊಳ್ಳೋ ಚಪ್ಪಲೀಲೇ ಕಾಲ ಕಳೆಯೋನು, ಹೊರಗೆ ಹೋಗದೋನು. ಇದು ನಿದ್ದೆಬುರುಕ. ಇದು... ಕೆಲಸ ತಪ್ಪಿಸ್ಕೊಳ್ಳೋನು. ತಪ್ಪಾಯ್ತು ಮಾವ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಮಾವ ಕತ್ತು ಬಗ್ಗಿಸಿ ಮೂರೂ ಚೀಟಿಗಳನ್ನು ಮತ್ತೊಮ್ಮೆ ನೋಡಿಕೊಂಡ.

"ಮೊದಲೆರಡು ಸರಿ. ಮೂರನೇದು ಶುದ್ಧ ಸುಳ್ಳು. ಕೆಲಸ ತಪ್ಪಿಸ್ಕೊಳ್ಳೋಕೆ ಎಷ್ಟು ಓಡಾಡ್ಬೇಕು, ಎಷ್ಟು ನೆಪ ಹುಡುಕ್ಬೇಕು! ಅಷ್ಟೆಲ್ಲ ಕಷ್ಟ ನಾನ್ಯಾವತ್ತು ಪಟ್ಟಿದ್ದೀನಿ? ಕಿತ್ತುಹಾಕು ಅದನ್ನ."

"ನಿನ್ ಎದೆ ಮೇಲೇ ಇದೆಯಲ್ಲ, ನೀನೇ ಕೀಳು," ಎಂದಳು ಪುಟ್ಟಿ, ಮೂಗು ಒರೆಸಿಕೊಳ್ಳುತ್ತ.

"ನನ್ ಕೈಗೆಲ್ಲಿ ಬಿಡುವು? ಬಾ, ಕೂತ್ಕೋ. ಜಡೆ ಬಿಚ್ಚಿಹೋಗಿದೆ."