ಖಾಲಿ ಜಾಗದಲ್ಲಿ ನಿಂತವನು

ಜಕ್ಕಲಿಯ ಫಕೀರೇಶ ಒಮ್ಮೆ ಒದ್ದ ಚೆಂಡು ಮೂರು ದಿನ ಆಕಾಶದಲ್ಲೇ ಇದ್ದು, ನಾಲ್ಕನೆಯ ದಿನ ಹೊಳೆಆಲೂರಿನ ರೈಲು ನಿಲ್ದಾಣದಲ್ಲಿ ಇಳಿದು ಊರಿನ ದಾರಿ ಕೇಳಿತ್ತಂತೆ. ಹೇಳಿದವನು ಫಕೀರೇಶನೇ. ನಂಬದವರಿಗೆ ಅವನ ತಂಡದಲ್ಲಿ ಜಾಗವಿರಲಿಲ್ಲ.

ಅಂಥ ನಾಯಕನ ತಂಡ ರೋಣದಲ್ಲಿ, ಐದೈದು ಜನರ ಫುಟ್‌ಬಾಲ್ ಫೈನಲ್ಲಿನಲ್ಲಿ, ಅರ್ಧ ಆಟಕ್ಕೇ ಕೊಣ್ಣೂರಿನವರಿಂದ ಮೂರು ಗೋಲು ತಿಂದು ಕೂತಿತ್ತು. ಗೋಲಿಗಿಂತ ಹೆಚ್ಚಾಗಿ ಫಕೀರೇಶನನ್ನು ಕೊರೆಯುತ್ತಿದ್ದುದು ಒಂದು ಅನುಮಾನ.

ಅವರ ಗುಟ್ಟಿನ ದಾಳಿ ಹೀಗಿತ್ತು: ಗೋಲ್‌ಕೀಪರನ ಮುಂದೆ ಹನಮಪ್ಪ, ಎಡಬಲಕ್ಕೆ ಇಬ್ಬರು, ತುದಿಯಲ್ಲಿ ಫಕೀರೇಶ. ಚೆಂಡು ಬದಿಗೆ ಹೋದ ಕೂಡಲೇ ಫಕೀರೇಶ ಹಿಂದಕ್ಕೆ ಓಡಬೇಕು. ಅವನನ್ನು ಕಾಯುವವನು ಬೆನ್ನು ಹತ್ತುತ್ತಾನೆ. ಹಾಗೆ ಖಾಲಿಯಾದ ಜಾಗಕ್ಕೆ ಹನಮಪ್ಪ ನುಗ್ಗಬೇಕು. ಈ ದಾಳಿಗೆ ಹದಿನಾಲ್ಕು ತಾಲೂಕಿನ ತಂಡಗಳು ಅತ್ತಿದ್ದವು. ಆದರೆ ಇವತ್ತು ಕೊಣ್ಣೂರಿನ ಬೀರಲಿಂಗ ಬೆನ್ನು ಹತ್ತಲೇ ಇಲ್ಲ. ಖಾಲಿಯಾಗಬೇಕಾದ ಜಾಗದಲ್ಲೇ, ಬಸ್ಸಿಗೆ ಕಾಯುವವನ ಹಾಗೆ, ಮೂರು ಸಲವೂ ನಿಂತಿದ್ದ.

"ಯಾರೋ ಹೇಳ್ಯಾರ," ಎಂದ ಫಕೀರೇಶ. ಕಣ್ಣು ಗೋಲ್‌ಕೀಪರ್ ಆರಿಫನ ಮೇಲಿತ್ತು. ಆರಿಫನ ಅಕ್ಕನನ್ನು ಕೊಟ್ಟದ್ದು ಕೊಣ್ಣೂರಿಗೆ.

"ಹೋದ ಐತಾರ ಎಲ್ಲಿ ಹೋಗಿದ್ದಿಲೇ?"

"ಅಕ್ಕನ ಮನಿಗೆ. ಕೂಸು ನೋಡಾಕ."

"ಕೂಸು ನೋಡಾಕೋ, ನಮ್ಮ ಆಟ ಹೇಳಾಕೋ?"

"ಮೂರು ತಿಂಗಳ ಕೂಸಿಗೆ ಫುಟ್‌ಬಾಲ್ ಹೇಳಿ ಏನ್ ಮಾಡ್ಲೋ?"

ಹನಮಪ್ಪ ನಕ್ಕ. ಫಕೀರೇಶ ನಗಲಿಲ್ಲ. ಬೆಳಿಗ್ಗೆ ಆರಿಫ ಬೀರಲಿಂಗನ ಕೈ ಕುಲುಕಿದ್ದು ನೆನಪಾಯಿತು. ಅಷ್ಟು ಹೊತ್ತು ಯಾಕೆ ಕುಲುಕಿದ?

"ಗ್ಲೌಸ್ ಬಿಚ್ಚು. ಇವತ್ತಷ್ಟ ಅಲ್ಲ, ಇನ್ನ ಮ್ಯಾಲೆ ನಮ್ಮ ತಂಡದಾಗ ನೀ ಇಲ್ಲ."

ಆರಿಫ ತುಟಿ ಕಚ್ಚಿಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದ. ಆ ಹೊತ್ತಿಗೆ ನೀರು ಕುಡಿಯಲು ಬಂದ ಬೀರಲಿಂಗ ಫಕೀರೇಶನನ್ನು ನೋಡಿ ನಿಂತ.

"ಯಾಕ್ರಿ ಅಣ್ಣಾರ, ಗುರುತು ಸಿಗಲಿಲ್ಲೇನು? ಗಜೇಂದ್ರಗಡದ ಮದುವ್ಯಾಗ ನಿಮಗ ಬದನೀಕಾಯಿ ಬಡಿಸಿದವ ನಾನ."

ಫಕೀರೇಶ ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲಾಡಿಯನ್ನು ಮತ್ತೆ ಬಿಗಿಯತೊಡಗಿದ.

"ನೀವು ಗಂಡಿನ ಕಡಿಯವರು, ಕೇಳಿದ್ರ ಇಲ್ಲ ಅನ್ನಾಕ ಬರಂಗಿಲ್ಲ. ಇದು ಹನಮಪ್ಪ, ಇದು ನಾ ಅಂತ ಎಲಿ ಮ್ಯಾಲೆ ನಾಕು ಬದನೀಕಾಯಿ ಹಾಕಿಸಿಕೊಂಡ್ರಿ. ಇಡೀ ದಾಳಿ ತೋರಿಸಿ, ನಾಕನ್ನೂ ತಿಂದ್ರಿ. ಬಡಿಸಾವ ಯಾವ ಊರಾಂವ ಅಂತ ಮಾತ್ರ ಕೇಳಲಿಲ್ಲ ನೋಡ್ರಿ."

"ಅದು... ನನ್ನ ತಮ್ಮ ಇರಬೇಕು," ಎಂದ ಫಕೀರೇಶ.

"ನಿನಗ ತಮ್ಮ ಎಲ್ಲಿ ಅದಾನಲೇ?" ಎಂದ ಹನಮಪ್ಪ.

ರೆಫರಿ ಸೀಟಿ ಊದಿದ. ಯಾರೂ ಏಳಲಿಲ್ಲ. ಫಕೀರೇಶ ನೆಲ ನೋಡುತ್ತಲೇ ಆರಿಫನ ಕೈ ಹಿಡಿದು, ಅರ್ಧ ಬಿಚ್ಚಿದ್ದ ಗ್ಲೌಸನ್ನು ಮತ್ತೆ ಏರಿಸಿದ.

"ಖರೇ ಹೇಳ್ತೀನಿ. ಹೇಳಿದವ ನಾನ. ಇನ್ನೊಂದು ಐತಿ. ಈ ದಾಳಿ ನಾ ಕಂಡು ಹಿಡಿದದ್ದು ಅಂತ ನಿಮಗೆಲ್ಲಾ ಹೇಳಿದ್ನಲ್ಲ, ಅದೂ ಸುಳ್ಳ. ನನಗ ಇದನ್ನ ಕಲಿಸಿದವ ಆರಿಫ."